ಬೆಟಗೇರಿಯಿಂದ ನೆಬೋ ಬೆಟ್ಟದವರೆಗೆ: 27 ಜನರ ಯಾತ್ರೆ ತಯಾರಿಯ ಒಂದು ಪ್ರಕರಣ

2023ರ ಅಕ್ಟೋಬರ್ 8, ಭಾನುವಾರ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆ ಮುಗಿದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಹಿಂದಿನ ದಿನ ಇಸ್ರೇಲಿನಲ್ಲಿ ಯುದ್ಧ ಶುರುವಾಗಿತ್ತು. ನಾವು 27 ಜನ ನವೆಂಬರ್ 6ಕ್ಕೆ ಪವಿತ್ರ ನಾಡಿಗೆ ಹೊರಡಬೇಕಿತ್ತು. ತಲೆಗೆ 75 ಸಾವಿರ ರೂಪಾಯಿ ಕಟ್ಟಿ ಆಗಿತ್ತು. ಉಳಿದ 43 ಸಾವಿರ ಕಟ್ಟಲು ಎರಡೇ ದಿನ ಬಾಕಿ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನಾನು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಿ ಆದವಳು. ಊರಲ್ಲಿ ಎಲ್ಲರಿಗೂ 'ಅಕ್ಕಾರ'. ಈ ಯಾತ್ರೆಯ ಕಾಗದಪತ್ರ, ಹಣದ ಲೆಕ್ಕ, ಹೆಸರು ಪಟ್ಟಿ ಎಲ್ಲ ನನ್ನ ಕೈಯಲ್ಲಿತ್ತು. ಆಮೇಲೆ ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು ಕಡೆಯ ಸಭೆಗಳವರು ಬಂದು ಕೇಳಿದರು, ನೀವು ಹೇಗೆ ಮಾಡಿದಿರಿ, ಎಲ್ಲಿ ತಪ್ಪಿತು ಅಂತ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಜನರನ್ನು ನಾವು ಚೆನ್ನಾಗಿ ತಯಾರು ಮಾಡಿದ್ದೆವು. ಕಾಗದಪತ್ರವನ್ನೂ ಸುಮಾರಾಗಿ ಸರಿಯಾಗಿಯೇ ಮಾಡಿದ್ದೆವು. ಕರಾರು ಬರೆಸಿಕೊಳ್ಳುವುದರಲ್ಲಿ ಮಾತ್ರ ಎಡವಿದೆವು. ಹೋಗಲು ತಯಾರಾದೆವು, ಹೋಗಲು ಆಗದಿದ್ದರೆ ಅನ್ನುವುದಕ್ಕೆ ತಯಾರಾಗಲಿಲ್ಲ.

ಯಾರು, ಎಲ್ಲಿಗೆ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ನಮ್ಮಲ್ಲಿ ಎಷ್ಟೋ ಮನೆತನಗಳು ಐದಾರು ತಲೆಮಾರಿನಿಂದ ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡದಲ್ಲೇ ಓದುತ್ತ ಬಂದಿವೆ. ಯೊರ್ದನ್, ಗಲಿಲಾಯ, ಬೇಥಾನ್ಯ ಅನ್ನುವ ಹೆಸರು ನಮಗೆ ಲಕ್ಕುಂಡಿ, ಮುಂಡರಗಿ, ಅಣ್ಣಿಗೇರಿಯಷ್ಟೇ ಬಾಯಿಗೆ ರೂಢಿ. ಆದರೆ ಹೋಗಿ ನೋಡಿ ಬಂದವರು ತೀರಾ ಕಡಿಮೆ.

ಮಾತು ಶುರುವಾದದ್ದು 2023ರ ಜನವರಿಯಲ್ಲಿ, ಮಹಿಳಾ ಸಂಘದ ಕೂಟದಲ್ಲಿ. 74 ವರ್ಷದ ಒಬ್ಬ ಆಯಿ ತಮ್ಮ ಯಜಮಾನರ ಹಳೇ ಸತ್ಯವೇದ ತಂದಿದ್ದರು. ಅದರ ಹಿಂದೆ ನಕಾಶೆಯ ಪುಟಗಳಿದ್ದವು. ಒಂದು ಪುಟದ ಮೂಲೆಗೆ ಟೇಪು ಅಂಟಿಸಿತ್ತು. ಯೆರೂಸಲೇಮ್ ಅಂತ ಬರೆದ ಜಾಗದಲ್ಲಿ ಬೆರಳು ತಾಗಿ ತಾಗಿ ಅರ್ಧ ಅಕ್ಷರ ಅಳಿಸಿಹೋಗಿತ್ತು. "ನಮ್ಮನಿಯವ್ರು ದಿನಾ ಇದನ್ನ ನೋಡ್ಕೋತ ಕುಂಡ್ರತಿದ್ರು ಅಕ್ಕಾರ. ಅವ್ರಿಗಂತೂ ಆಗ್ಲಿಲ್ಲ. ನಾ ಕಣ್ಣ ಮುಚ್ಚೂದ್ರಾಗ ಒಮ್ಮೆ ನೋಡಬೇಕ್ರಿ" ಅಂದರು. ಆ ಮಾತಿಗೆ ಅವತ್ತೇ ಒಂಬತ್ತು ಜನ ಕೈ ಎತ್ತಿದರು.

ಮಾರ್ಚ್ ಹೊತ್ತಿಗೆ 27 ಜನ ಆದೆವು. ಬೆಟಗೇರಿ, ಗದಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು 21 ಜನ, ಹುಬ್ಬಳ್ಳಿಯ ಕಥೋಲಿಕರು ನಾಲ್ವರು, ಹಾವೇರಿಯಿಂದ ಪೆಂಟೆಕೋಸ್ಟಲ್ ಸಭೆಯ ಗಂಡ ಹೆಂಡತಿ. 14 ಜನರಿಗೆ 60 ದಾಟಿತ್ತು. ನೇಕಾರರು, ನಿವೃತ್ತ ನರ್ಸ್‌ಗಳು, ರೈಲ್ವೆಯಲ್ಲಿದ್ದವರು, ಖಾನಾವಳಿ ನಡೆಸುವವರು ಒಬ್ಬರು. ಬೆಂಗಳೂರಿನಿಂದ ವಿಮಾನ, ಕೊಲ್ಲಿ ದೇಶದಲ್ಲಿ ವಿಮಾನ ಬದಲಿಸಿ ಅಮ್ಮಾನ್. ಜೋರ್ಡಾನ್ ನೋಡಿಕೊಂಡು ರಸ್ತೆ ಮೂಲಕ ಇಸ್ರೇಲ್, ಅಲ್ಲಿಂದ ಈಜಿಪ್ಟ್‌ನ ಸೀನಾಯಿ, ಕೈರೋ, ವಾಪಸ್. ಒಟ್ಟು 11 ದಿನ. ನವೆಂಬರ್ ಆರಿಸಿದ್ದು ಹವೆಗಾಗಿ. ಅಲ್ಲಿಯ ಬೇಸಿಗೆ ನಮ್ಮ ಹಿರಿಯರಿಗೆ ತಡೆಯುತ್ತಿರಲಿಲ್ಲ.

ಅವ್ವ, ಬಾಯಿ, ಅಮ್ಮ

ಸಮಯ ಜಾಸ್ತಿ ತಿಂದದ್ದು ಪಾಸ್‌ಪೋರ್ಟ್. 27ರಲ್ಲಿ ಎಂಟು ಜನರ ಹತ್ತಿರ ಮಾತ್ರ ಇತ್ತು. ಅದರಲ್ಲೂ ಇಬ್ಬರದ್ದು ಅವಧಿ ಮುಗಿಯುವುದರಲ್ಲಿತ್ತು. ಇಂಥ ಪ್ರಯಾಣಕ್ಕೆ ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಹಾಗಾಗಿ ಒಟ್ಟು 21 ಅರ್ಜಿ. ಸಾಮಾನ್ಯ ಅರ್ಜಿಗೆ ಶುಲ್ಕ 1,500 ರೂಪಾಯಿ, 60 ದಾಟಿದವರಿಗೆ ಹೊಸ ಪಾಸ್‌ಪೋರ್ಟಿಗೆ ಶೇ. 10 ಕಡಿಮೆ. ತತ್ಕಾಲ್ ಆದರೆ ಮೇಲೆ 2,000. ಮಾರ್ಚಿನಲ್ಲೇ ಶುರು ಮಾಡಿದ್ದರಿಂದ ನಮಗೆ ತತ್ಕಾಲ್ ಬೇಕಾಗಲಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಐದೈದು ಜನರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬಂದೆ.

ಅರ್ಜಿ ತುಂಬುವುದು ಸುಲಭ. ಹೆಸರು ಕೂಡಿಸುವುದೇ ಕಷ್ಟ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರಿನ ಬಾಲ ಒಂದೇ ಕಡೆ ನಿಲ್ಲುವುದಿಲ್ಲ. ಒಬ್ಬ ತಾಯಿಯ ಹೆಸರು ಆಧಾರ್‌ನಲ್ಲಿ 'ಅವ್ವ' ಅಂತ ಮುಗಿಯುತ್ತಿತ್ತು. ಶಾಲೆ ದಾಖಲೆಯಲ್ಲಿ 'ಬಾಯಿ'. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಅಮ್ಮ'. ಮೂರೂ ಅವರೇ. ಮನೆಯಲ್ಲಿ ಯಾರಿಗೂ ಇದು ತಪ್ಪು ಅಂತ ಇಷ್ಟು ವರ್ಷ ಅನ್ನಿಸಿರಲಿಲ್ಲ, ಅನ್ನಿಸಬೇಕಾಗಿಯೂ ಇರಲಿಲ್ಲ. ಇನ್ನು ಗಂಡಸರದ್ದು ಇನಿಷಿಯಲ್ ತೊಂದರೆ. ಪಾಸ್‌ಪೋರ್ಟಿಗೆ ಬರೀ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದರೆ ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಊರಿನ ಹೆಸರು ಬರುತ್ತದೆ.

ಇದರಲ್ಲಿ ನಾನು ಕಲಿತದ್ದು ಕ್ರಮದ ಮಾತು. ಮೊದಲು ಆಧಾರ್ ಸರಿ ಮಾಡಿಸಬೇಕು. ಅದರ ಪ್ರಕಾರ ಪ್ಯಾನ್, ಆಮೇಲೆ ಬ್ಯಾಂಕ್, ಕೊನೆಗೆ ಪಾಸ್‌ಪೋರ್ಟ್. ನಮ್ಮ ಗುಂಪಿನಲ್ಲಿ ನಾಲ್ಕು ಜನ ಅವಸರದಲ್ಲಿ ಮೊದಲು ಬ್ಯಾಂಕಿನಲ್ಲಿ ಬದಲಿಸಿದರು, ಆಮೇಲೆ ಆಧಾರ್ ಬೇರೆ ರೀತಿ ಬಂತು, ಮತ್ತೆ ಬ್ಯಾಂಕಿಗೆ ಓಡಿದರು. ಐದು ವಾರ ಹಾಗೇ ಹೋಯಿತು.

ಹುಟ್ಟಿದ ತಾರೀಕಿನ ವಿಷಯ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಹಿರಿಯರು ಸಭೆಯ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ನಕಲು ಹಿಡಿದು ಬಂದಿದ್ದರು. ಅದು ಬೇಕಾಗಲಿಲ್ಲ. 2016ರ ಕೊನೆಯಲ್ಲಿ ನಿಯಮ ಸಡಿಲವಾದ ಮೇಲೆ ಶಾಲೆ ಬಿಟ್ಟ ಪ್ರಮಾಣಪತ್ರ, ಆಧಾರ್, ಪ್ಯಾನ್, ವೋಟರ್ ಕಾರ್ಡ್, ಎಲ್‌ಐಸಿ ಬಾಂಡ್, ಇವುಗಳಲ್ಲಿ ಒಂದು ಸಾಕಾಗುತ್ತಿತ್ತು. ತಾರೀಕು ಎಲ್ಲದರಲ್ಲೂ ಒಂದೇ ಇರಬೇಕು, ಅಷ್ಟೇ.

46 ವರ್ಷದ ಒಬ್ಬ ನೇಕಾರ ಕಾಕಾ ಹತ್ತನೇ ಇಯತ್ತೆ ಪಾಸಾಗಿರಲಿಲ್ಲ. ಅವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಬಂತು. ಅಂದರೆ ಕೆಲಸಕ್ಕೆ ಹೋಗುವುದಾದರೆ 18 ದೇಶಗಳಿಗೆ ಮೊದಲು ವಲಸೆ ಇಲಾಖೆಯ ಅನುಮತಿ ಬೇಕು. ಜೋರ್ಡಾನ್ ಆ ಪಟ್ಟಿಯಲ್ಲಿದೆ. ಕಾಕಾ ಪಾಪ ಎರಡು ದಿನ ಊಟ ಬಿಟ್ಟರು, ನನ್ನನ್ನು ಏರ್‌ಪೋರ್ಟಿನಿಂದ ವಾಪಸ್ ಕಳಿಸುತ್ತಾರೆ ಅಂತ. ಪ್ರವಾಸಕ್ಕೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ ಕೈಯಲ್ಲಿದ್ದರೆ ಸಾಕು. ಅವರಿಗೆ ಅಂತ ಬೇರೆ ಒಂದು ಪ್ಲಾಸ್ಟಿಕ್ ಫೈಲು ಮಾಡಿ ಕೊಟ್ಟ ಮೇಲೇ ಅವರು ನಿದ್ದೆ ಮಾಡಿದ್ದು.

ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು. ದಿನಗೂಲಿ, ಮಗ್ಗದ ಮಜೂರಿ ಮೇಲೆ ಬದುಕುವವರ ಖಾತೆಯಲ್ಲಿ ಏನಿರುತ್ತದೆ? ಕೊನೇ ವಾರದಲ್ಲಿ ಸಾಲ ತಂದು ಒಮ್ಮೆಲೇ ತುಂಬಿದರೆ ನೋಡಿದವರಿಗೆ ಅನುಮಾನ ಬರುತ್ತದೆ. ಹಾಗಾಗಿ ಏಪ್ರಿಲ್‌ನಿಂದಲೇ ಯಾತ್ರೆಗೆ ಕೂಡಿಡುವ ಹಣವನ್ನು ಡಬ್ಬಿಯಲ್ಲಿ ಇಡಬೇಡಿ, ವಾರವಾರ ಖಾತೆಗೆ ಹಾಕಿ ಅಂತ ಹೇಳಿದ್ದೆವು. ಆರು ತಿಂಗಳಲ್ಲಿ ಪಾಸ್‌ಬುಕ್ಕೇ ಅವರ ಪರವಾಗಿ ಮಾತಾಡುವಂತಾಯಿತು.

ಹಣ

ನಾಲ್ಕು ಏಜೆನ್ಸಿಗಳನ್ನು ಕೇಳಿ ಬೆಂಗಳೂರಿನ ಒಂದನ್ನು ಆರಿಸಿದೆವು. ಹೆಸರು ಬೇಡ. ಅವರು ಹೇಳಿದ್ದು ತಲೆಗೆ 1,22,000, ಮತ್ತು ಸಭಾಪಾಲಕರಿಗೆ ಫ್ರೀ. ಈ ಫ್ರೀ ಟಿಕೆಟ್ ಬಗ್ಗೆ ಎಲ್ಲ ಸಭೆಗಳಲ್ಲೂ ಬಾಯಿಬಿಡದ ಮಾತು ಒಂದಿರುತ್ತದೆ. ಫ್ರೀ ಅನ್ನುವುದು ಯಾವುದೂ ಇಲ್ಲ, ಉಳಿದವರ ದುಡ್ಡಿನಲ್ಲೇ ಅದು ಸೇರಿರುತ್ತದೆ. ನಮ್ಮ ಅಯ್ಯನವರು ತಾವೇ ಎದ್ದು ನಿಂತು, ನನಗೆ ಬೇಡ, ಅದನ್ನ ಎಲ್ಲರಿಗೂ ಹಂಚಿ ಅಂದರು. ಹಾಗೆ ತಲೆಗೆ ನಾಲ್ಕು ಸಾವಿರ ಕಡಿಮೆಯಾಗಿ 1,18,000ಕ್ಕೆ ಬಂತು. ಅವತ್ತಿನಿಂದ ಹಣದ ವಿಷಯದಲ್ಲಿ ಗುಂಪಿನಲ್ಲಿ ಗುಸುಗುಸು ಕೇಳಲಿಲ್ಲ. ಗೈಡ್ ಮತ್ತು ಡ್ರೈವರ್ ಟಿಪ್ಸ್ ಪ್ಯಾಕೇಜಿನಲ್ಲಿ ಇರಲಿಲ್ಲ, ಅದಕ್ಕೆ ತಲೆಗೆ 80 ಡಾಲರ್ ಬೇರೆ. ಇದನ್ನೂ ಮೊದಲ ದಿನವೇ ಹೇಳಿದ್ದೆ.

ಟಿಸಿಎಸ್ ಅನ್ನುವುದು ಬಹಳ ಜನರಿಗೆ ಗೊತ್ತಿರಲಿಲ್ಲ. ಹೊರದೇಶದ ಪ್ಯಾಕೇಜ್ ಟೂರಿಗೆ ಏಜೆನ್ಸಿಯವರು ಆಗ ಶೇ. 5 ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುತ್ತಿದ್ದರು. ನಮ್ಮ ಲೆಕ್ಕಕ್ಕೆ 5,900. ಪ್ಯಾನ್ ಇಲ್ಲದಿದ್ದರೆ ಎರಡು ಪಟ್ಟು, 11,800. ಇದು ಖರ್ಚಲ್ಲ, ನಮ್ಮ ಹೆಸರಿನಲ್ಲಿ ಜಮಾ ಆಗುವ ಹಣ. ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆ ಇಲ್ಲದವರೂ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಆದರೆ ಪ್ಯಾನ್ ಇರಬೇಕು, ರಿಟರ್ನ್ ಹಾಕಬೇಕು. ಒಂಬತ್ತು ಜನರಿಗೆ ಪ್ಯಾನ್ ಇರಲಿಲ್ಲ. ಆಧಾರ್ ಮೇಲೆ ಆನ್‌ಲೈನ್‌ನಲ್ಲಿ ಇ-ಪ್ಯಾನ್ ಪುಕ್ಕಟೆ ಸಿಗುತ್ತದೆ. ಮಾಡಿಸಿದೆವು. ಮರುವರ್ಷ ಇಬ್ಬರು ಅಜ್ಜಂದಿರು ಜೀವನದಲ್ಲಿ ಮೊದಲ ಸಲ ರಿಟರ್ನ್ ಹಾಕಿ ಆ ಹಣ ತಗೊಂಡರು.

ಕಂತು ಹೀಗಿತ್ತು: ಮುಂಗಡ 25 ಸಾವಿರ, ಆಗಸ್ಟಿನಲ್ಲಿ 50 ಸಾವಿರ, ಅಕ್ಟೋಬರ್ 10ಕ್ಕೆ 43 ಸಾವಿರ. ನಗದು ಯಾರೂ ಕೊಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಖಾತೆಯಿಂದಲೇ ಕಳಿಸಿ ತಮ್ಮ ಹೆಸರಿನ ರಸೀದಿ ತಗೊಂಡರು. ನನ್ನ ಖಾತೆಗೆ ಒಂದು ರೂಪಾಯಿ ಬರಲಿಲ್ಲ. ಇದನ್ನು ಹಟ ಹಿಡಿದು ಮಾಡಿಸಿದ್ದು ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ನಮ್ಮ ಕಥೋಲಿಕ ಅಣ್ಣಾರು. ಅವರ ಉಪಕಾರ ಅಕ್ಟೋಬರಿನಲ್ಲಿ ಗೊತ್ತಾಯಿತು.

ನನ್ನ ತಪ್ಪು ಬರೆಯಬೇಕಾದದ್ದು ಇಲ್ಲೇ. ಕರಾರು ಪತ್ರ ಎರಡು ಪುಟ ಇತ್ತು. ಒಂದೊಂದು ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ಕೇಳಿದ್ದೆ. ಹೋಟೆಲ್ ಎಲ್ಲಿ, ರಾತ್ರಿ ಊಟ ಇದೆಯಾ, ಲಿಫ್ಟ್ ಇದೆಯಾ, ಬಸ್ಸಿನಲ್ಲಿ ಕುಡಿಯುವ ನೀರು ಕೊಡುತ್ತೀರಾ. ಮೂರು ದೇಶಗಳಲ್ಲಿ ಒಂದು ದೇಶ ಬಾಗಿಲು ಹಾಕಿಕೊಂಡರೆ ಏನು ಅಂತ ಕೇಳಲಿಲ್ಲ. ಆ ಭೂಮಿಯ ಸುದ್ದಿಯನ್ನು ಚಿಕ್ಕವಳಿದ್ದಾಗಿನಿಂದ ಪೇಪರಿನಲ್ಲಿ ಓದಿದವಳು ನಾನು. ಆದರೂ ಕೇಳಲಿಲ್ಲ.

ಕಾಲು, ಗುಳಿಗೆ, ರೊಟ್ಟಿ

ಯೆರೂಸಲೇಮಿನ ಹಳೇ ಪಟ್ಟಣ ಸಣ್ಣದು, ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಆದರೆ ಒಳಗೆ ಬಸ್ಸು ಹೋಗುವುದಿಲ್ಲ. ಯೇಸು ಶಿಲುಬೆ ಹೊತ್ತು ನಡೆದದ್ದು ಅನ್ನುವ ಶಿಲುಬೆಯ ಹಾದಿ ಸುಮಾರು 600 ಮೀಟರ್, 14 ನಿಲುಗಡೆ, ಸವೆದು ನುಣುಪಾದ ಕಲ್ಲು, ಮೆಟ್ಟಿಲು. ಸೀನಾಯಿ ಬೆಟ್ಟ 2,285 ಮೀಟರ್. ನಡುರಾತ್ರಿ ಹತ್ತಲು ಶುರು ಮಾಡಬೇಕು, ಕೊನೆಗೆ 750 ಮೆಟ್ಟಿಲು. ಹಾಗಾಗಿ ಜೂನಿನಿಂದ ದಿನಾ ಬೆಳಿಗ್ಗೆ ನಡಿಗೆ. ಗದಗಿನವರು ಭೀಷ್ಮ ಕೆರೆ ಸುತ್ತ, ಹುಬ್ಬಳ್ಳಿಯವರು ಅವರವರ ಬಡಾವಣೆಯಲ್ಲಿ. ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಎಲ್ಲರೂ ಕಪ್ಪತಗುಡ್ಡಕ್ಕೆ ಹೋದೆವು. ಅಲ್ಲಿ ಯಾರಿಗೆ ಸೀನಾಯಿ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಅವರವರಿಗೇ ಗೊತ್ತಾಯಿತು. ನಾವು ಯಾರಿಗೂ ಬೇಡ ಅನ್ನಬೇಕಾಗಲಿಲ್ಲ.

ಇಬ್ಬಿಬ್ಬರ ಜೋಡಿ ಮಾಡಿದೆವು. ಒಬ್ಬ ಹಿರಿಯರು, ಒಬ್ಬ ಗಟ್ಟಿ ಇದ್ದವರು. ಆಯಿಗೆ ಜೋಡಿ ನಾನು. ಜೋಡಿಯವರು ಒಬ್ಬರ ಗುಳಿಗೆ ಇನ್ನೊಬ್ಬರು ತಿಳಿದಿರಬೇಕು ಅಂತ ನಿಯಮ.

ಈ ನಿಯಮದಿಂದ ಒಂದು ದೊಡ್ಡ ಆಪತ್ತು ತಪ್ಪಿತು. ಆಯಿ ತಮ್ಮ ಗುಳಿಗೆ ಎಲ್ಲ ಒಂದು ಕುಂಕುಮದ ಬಣ್ಣದ ಬಟ್ಟೆ ಚೀಲದಲ್ಲಿ ಇಟ್ಟಿದ್ದರು. ಬಿಡಿ ಬಿಡಿ, ಹಾಳೆಯಲ್ಲಿ ಸುತ್ತಿದ್ದು, ಅರ್ಧ ಕತ್ತರಿಸಿದ ಸ್ಟ್ರಿಪ್. ಮಂಚದ ಮೇಲೆ ಸುರುವಿ ಒಂದೊಂದೇ ನೋಡಿದೆವು. ಬಿಪಿಯದ್ದು, ಶುಗರಿನದ್ದು, ಗ್ಯಾಸಿನದ್ದು. ಮೊಣಕಾಲು ನೋವಿಗೆ ಅಂತ ಇದ್ದ ಗುಳಿಗೆಯ ಮೇಲೆ ಟ್ರಮಡಾಲ್ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಈಜಿಪ್ಟಿನಲ್ಲಿ ಟ್ರಮಡಾಲ್ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಇದೆ. ಅದನ್ನು ತಂದ ಪ್ರವಾಸಿ ಜೈಲು ಸೇರಿದ್ದೂ ಉಂಟು. ನಮ್ಮ ಗುಂಪಿನ ನಿವೃತ್ತ ನರ್ಸ್ ಅದನ್ನು ಗುರುತು ಹಿಡಿದರು. ಡಾಕ್ಟರು ಬೇರೆ ಗುಳಿಗೆ ಬರೆದುಕೊಟ್ಟರು. ಆಮೇಲೆ 27 ಜನರ ಚೀಲವನ್ನೂ ಹಾಗೇ ಸುರುವಿ ನೋಡಿದೆವು. ಇನ್ನೊಬ್ಬರ ಹತ್ತಿರವೂ ಅದೇ ಇತ್ತು. ಬಿಡಿ ಗುಳಿಗೆ ಒಂದೂ ಬೇಡ, ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲಿ. ಇನ್ಸುಲಿನ್ ಅಂತೂ ಕೈಚೀಲದಲ್ಲೇ ಇರಬೇಕು, ವಿಮಾನದ ಕೆಳಗೆ ಹಾಕುವ ಸಾಮಾನಿನಲ್ಲಿ ಹೆಪ್ಪುಗಟ್ಟಿ ಕೆಡಬಹುದು.

ಏರ್‌ಪೋರ್ಟ್ ಪ್ರಶ್ನೆಗಳಿಗೂ ಸಭೆಯ ಹಾಲಿನಲ್ಲಿ ತಾಲೀಮು ಮಾಡಿದೆವು. ನಿಮ್ಮ ಚೀಲ ಯಾರು ಕಟ್ಟಿದರು, ಯಾರಾದರೂ ಏನಾದರೂ ಕೊಟ್ಟಿದ್ದಾರಾ ಅಂತ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಸೊಸೆ ಚೀಲ ಕಟ್ಟುತ್ತಾಳೆ, ನೆರೆಯವರು ಒಂದು ಗಂಟು ಕೊಡುತ್ತಾರೆ. ಇದು ನಮಗೆ ಪ್ರೀತಿ, ಅಲ್ಲಿಯವರಿಗೆ ಅನುಮಾನ. ಅವರವರ ಚೀಲ ಅವರೇ ಕಟ್ಟಬೇಕು ಅಂತ ಎಷ್ಟು ಸಲ ಹೇಳಿದೆನೋ. ನೇಕಾರ ಕಾಕಾ 'ಐ ಪ್ಯಾಕ್ಡ್ ಮೈ ಬ್ಯಾಗ್' ಅಂತ ಮಗ್ಗದ ಮೇಲೆ ಕೂತು ರೂಢಿ ಮಾಡಿಕೊಂಡರು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಷ್ಟು ಒಯ್ಯಬೇಕು ಅನ್ನುವುದು ಮಹಿಳಾ ಸಂಘದ ಜವಾಬ್ದಾರಿ. ಉಪ್ಪಿನಕಾಯಿ, ಹಸಿ ಹಣ್ಣು ಬೇಡ ಅಂತ ಮಾತ್ರ ಹೇಳಿದೆ.

ಎರಡು ಸಮಾಧಿ, ಒಂದು ಹೊಳೆ

ಮೂರು ಬಗೆಯ ಸಭೆಯವರು ಒಂದೇ ಬಸ್ಸಿನಲ್ಲಿ ಹೋಗುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಸುಮ್ನೆ ತೀರ್ಮಾನವಾಗುವ ಮಾತಲ್ಲ. ಯೇಸುವನ್ನು ಇಟ್ಟ ಸಮಾಧಿ ಇದು ಅಂತ ಯೆರೂಸಲೇಮಿನಲ್ಲಿ ಎರಡು ಜಾಗ ತೋರಿಸುತ್ತಾರೆ. ಕಥೋಲಿಕರಿಗೆ ಪವಿತ್ರ ಸಮಾಧಿಯ ದೇವಾಲಯವೇ ಯಾತ್ರೆಯ ಜೀವ. ಮೊದಲ ದೇವಾಲಯ ಅಲ್ಲಿ ಪ್ರತಿಷ್ಠೆಯಾದದ್ದು 335ರಲ್ಲಿ. ಅಲ್ಲಿ ಪೂಜೆ ಬೇಕು, ಅರ್ಧ ದಿನವಾದರೂ ಬೇಕು ಅಂದರು. ನಮ್ಮ ಸಿಎಸ್‌ಐಯವರಲ್ಲಿ ಹಲವರಿಗೆ ಗೋಡೆಯ ಹೊರಗಿನ ತೋಟದ ಸಮಾಧಿ ಇಷ್ಟ. ಅದು 19ನೇ ಶತಮಾನದಲ್ಲಿ ಗುರುತಿಸಿದ ಜಾಗ. ಗದ್ದಲ ಇಲ್ಲ, ಕೂತು ಹಾಡಬಹುದು, ಪ್ರಭುಭೋಜನ ಮಾಡಬಹುದು. ಎರಡು ಭಾನುವಾರ ಇದೇ ಮಾತು. ಧ್ವನಿ ಸ್ವಲ್ಪ ಏರಿತು ಕೂಡ.

ಯೇಸು ದೀಕ್ಷಾಸ್ನಾನ ಪಡೆದ ಯೊರ್ದನ್ ಹೊಳೆಯ ಮಾತು ಇನ್ನೂ ಸೂಕ್ಷ್ಮ. ಹಾವೇರಿಯ ದಂಪತಿಗೆ ಮುಳುಗಿ ದೀಕ್ಷಾಸ್ನಾನ ಅಂದರೆ ಪ್ರಾಣ. ನಮ್ಮಲ್ಲಿ ಕೂಸಿದ್ದಾಗಲೇ ದೀಕ್ಷಾಸ್ನಾನ ಆಗಿರುತ್ತದೆ, ಎರಡನೇ ಸಲ ಕೊಡುವುದಿಲ್ಲ. ನಮ್ಮ ಗುಂಪಿನ ಇಬ್ಬರು ಹುಡುಗರು, ಅಲ್ಲಿ ಹೋದ ಮೇಲೆ ನಾವೂ ಮುಳುಗಬಹುದಾ ಅಂತ ಕೇಳಿದರು. ಅಯ್ಯನವರು ಒಂದು ಸಂಜೆ ಪೂರ್ತಿ ಇದಕ್ಕೇ ಕೊಟ್ಟರು. ನೀರು ಮುಟ್ಟಿ, ಹಣೆಗೆ ಹಚ್ಚಿಕೊಂಡು, ಆಗ ನಿಮ್ಮ ತಂದೆತಾಯಿ ನಿಮ್ಮ ಪರವಾಗಿ ಕೊಟ್ಟ ಮಾತನ್ನು ಈಗ ನಿಮ್ಮ ಬಾಯಿಂದ ಹೇಳಿ ಅಂದರು. ಹಾವೇರಿಯ ಅಣ್ಣ ಅದಕ್ಕೆ ಆಮೆನ್ ಅಂದಾಗ ನನಗೆ ಸಮಾಧಾನ ಆಯಿತು. ಈ ಮಾತು ಹೊಳೆ ದಂಡೆಯಲ್ಲಿ ನಿಂತು ಆಡಿದ್ದರೆ ಗುಂಪು ಒಡೆಯುತ್ತಿತ್ತು. ಊರಲ್ಲೇ, ಹೊರಡುವ ಮೊದಲೇ ಆಡಿದ್ದು ಒಳ್ಳೆಯದಾಯಿತು.

ಕೂಡಿ ಓದಲು ಯಾತ್ರಾಗೀತೆಗಳನ್ನು ಆರಿಸಿಕೊಂಡೆವು. ಸತ್ಯವೇದದ ಕೀರ್ತನೆಗಳಲ್ಲಿ 120ರಿಂದ 134, ಒಟ್ಟು ಹದಿನೈದು. ಹಳೇ ಕಾಲದಲ್ಲಿ ಯೆರೂಸಲೇಮಿಗೆ ಹತ್ತಿಹೋಗುವವರು ಹಾಡುತ್ತಿದ್ದವು. ಜುಲೈ 30ರಿಂದ ವಾರಕ್ಕೊಂದು. ಹೊರಡುವ ಹಿಂದಿನ ದಿನ, ನವೆಂಬರ್ 5ಕ್ಕೆ, ಹದಿನೈದನೆಯದು ಮುಗಿಯುವಂತೆ ಲೆಕ್ಕ ಹಾಕಿದ್ದೆವು. ದೂರದವರು ಫೋನಿನಲ್ಲೇ ಸೇರುತ್ತಿದ್ದರು.

ಅಕ್ಟೋಬರ್

ಅಕ್ಟೋಬರ್ 8ಕ್ಕೆ ಬಂದದ್ದು 130ನೇ ಕೀರ್ತನೆ. ಆಳದಿಂದ ದೇವರನ್ನು ಕೂಗುವ ಕೀರ್ತನೆ ಅದು. ನಾವು ಆರಿಸಿದ್ದಲ್ಲ, ಲೆಕ್ಕದಲ್ಲಿ ಅವತ್ತಿಗೆ ಬಂದಿತ್ತು. ಓದುವಾಗ ಅಯ್ಯನವರ ಗಂಟಲು ಕಟ್ಟಿತು.

ಆಮೇಲೆ ಕರಾರು ಪತ್ರ ತೆಗೆದೆ. 30 ದಿನಕ್ಕೆ ಮುಂಚೆ ರದ್ದು ಮಾಡಿದರೆ ಮುಂಗಡ 25 ಸಾವಿರ ಹೋಗುತ್ತದೆ. 30 ದಿನಕ್ಕಿಂತ ಕಡಿಮೆ ಇದ್ದರೆ ಪ್ಯಾಕೇಜಿನ ಅರ್ಧ. 15ಕ್ಕಿಂತ ಕಡಿಮೆ ಇದ್ದರೆ ಪೂರ್ತಿ. ಬೆರಳು ಮಡಚಿ ಎಣಿಸಿದೆ. ಹೊರಡಲು 29 ದಿನ ಇತ್ತು. ಯುದ್ಧದ ಸುದ್ದಿ ಬಂದ ದಿನ ಸರಿಯಾಗಿ 30. ಈಗ ಬಿಟ್ಟರೆ 59 ಸಾವಿರ ಹಿಡಿದುಕೊಂಡು 16 ಸಾವಿರ ಕೊಡುತ್ತಾರೆ.

ಏಜೆನ್ಸಿಯವರು ಫೋನಿನಲ್ಲಿ ಅಂದದ್ದು ಇಷ್ಟು: ನಿಮ್ಮ ವಿಮಾನ ಅಮ್ಮಾನಿಗೆ, ಅದು ಹಾರುತ್ತಿದೆ. ಅವರು ರದ್ದು ಮಾಡಿಲ್ಲ. ನೀವು ಬರುವುದಿಲ್ಲ ಅಂದರೆ ನೀವೇ ರದ್ದು ಮಾಡಿದ ಹಾಗೆ. ಕಾಗದದ ಪ್ರಕಾರ ಅದು ಸರಿಯೇ ಇತ್ತು. ಟೆಲ್ ಅವೀವಿಗೆ ನೇರ ಟಿಕೆಟ್ ಇದ್ದವರ ಪರಿಸ್ಥಿತಿ ಬೇರೆ, ಏರ್ ಇಂಡಿಯಾ ಅಲ್ಲಿಗೆ ವಿಮಾನ ನಿಲ್ಲಿಸಿತ್ತು. ನಮ್ಮ ದಾರಿ ಅಗ್ಗ ಅಂತ ಆರಿಸಿದ್ದು ಈಗ ನಮಗೇ ತಿರುಗಿತು. ಪ್ರವಾಸ ವಿಮೆ ತೆಗೆದು ನೋಡಿದೆವು. ಯುದ್ಧದಿಂದಾದ ನಷ್ಟ ಸೇರುವುದಿಲ್ಲ ಅಂತ ಬರೆದಿತ್ತು. ಸಾಮಾನ್ಯವಾಗಿ ಇಂಥ ಪಾಲಿಸಿಗಳಲ್ಲಿ ಹಾಗೇ ಇರುತ್ತದೆ.

ಬ್ಯಾಂಕಿನ ಅಣ್ಣಾರು ಅವತ್ತೇ ಎರಡು ಮಾತು ಹೇಳಿದರು. ಮೂರನೇ ಕಂತು ಯಾರೂ ಕಟ್ಟಬೇಡಿ. ಮತ್ತು 'ರದ್ದು' ಅನ್ನುವ ಶಬ್ದ ಯಾರೂ ಬರೆಯಬೇಡಿ, ಬಾಯಲ್ಲೂ ಆಡಬೇಡಿ. ಅಣ್ಣಾರು, ಅಯ್ಯನವರು, ನಾನು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದೆವು. ಅಲ್ಲಿ ಅಣ್ಣಾರು ಕೂಗಾಡಲಿಲ್ಲ. ಒಂದೇ ಮಾತು ಹಿಡಿದು ಕೂತರು. "ನಮ್ಮ ಹಣದಾಗ ಇವತ್ತಿನವರೆಗೆ ನೀವು ನಿಜವಾಗಿ ಎಲ್ಲೆಲ್ಲಿ ಎಷ್ಟು ಕಟ್ಟೀರಿ, ಅದರ ರಸೀದಿ ತೋರಸ್ರಿ." 27 ಹೆಸರಿನ 54 ರಸೀದಿ ನಮ್ಮ ಚೀಲದಲ್ಲಿತ್ತು. ಲೆಕ್ಕ ಬಿಚ್ಚಿದಾಗ ಗೊತ್ತಾಯಿತು, ಇಸ್ರೇಲ್ ವೀಸಾ ಅರ್ಜಿ ಇನ್ನೂ ಹೋಗಿರಲಿಲ್ಲ, ಅಲ್ಲಿಯ ಹೋಟೆಲಿಗೆ ಹಣ ಹೋಗಿರಲಿಲ್ಲ. ವಿಮಾನದ ಮುಂಗಡ, ಉಳಿದ ದೇಶಗಳ ಸ್ವಲ್ಪ ಮುಂಗಡ, ಅವರ ಖರ್ಚು. ಎರಡು ವಾರದ ಓಡಾಟದ ನಂತರ ಒಪ್ಪಂದ ಆಯಿತು. ಬಿಡುವವರಿಗೆ 22 ಸಾವಿರ ಹಿಡಿದು 53 ಸಾವಿರ ವಾಪಸ್, ಎರಡು ಕಂತಿನಲ್ಲಿ. ಇರುವವರಿಗೆ ಫೆಬ್ರುವರಿಯಲ್ಲಿ ಇಸ್ರೇಲ್ ಬಿಟ್ಟು ಜೋರ್ಡಾನ್ ಮತ್ತು ಈಜಿಪ್ಟ್, ಒಂಬತ್ತು ದಿನ, ತಾರೀಕು ಬದಲಿಸಿದ ಶುಲ್ಕ ಸೇರಿ ಒಟ್ಟು 1,09,000.

ಈಗ ಯಾರು ಕೇಳಿದರೂ ನಾನು ಹೇಳುವುದು, ಮುಂಗಡ ಕೊಡುವ ಮೊದಲೇ ಇದನ್ನು ಬರೆಸಿಕೊಳ್ಳಿ ಅಂತ. ಯಾವುದಾದರೂ ಒಂದು ದೇಶಕ್ಕೆ ಹೋಗಲು ಆಗದಿದ್ದರೆ ಅದು ನಾವು ರದ್ದು ಮಾಡಿದ್ದಲ್ಲ. ಆಗ ನಿಜವಾಗಿ ಖರ್ಚಾದದ್ದನ್ನು ರಸೀದಿ ತೋರಿಸಿ ಹಿಡಿಯಬೇಕು. ಮತ್ತು ಗುಂಪಿಗೆ ಒಂದು ಸಲ ತಾರೀಕು ಬದಲಿಸುವ ಹಕ್ಕು ಇರಬೇಕು. ನಾಲ್ಕು ಸಾಲು. ನಾನು ಮೊದಲೇ ಕೇಳಿದ್ದರೆ ಎರಡು ವಾರದ ಆ ಸಂಕಟ ಇರುತ್ತಿರಲಿಲ್ಲ.

ಯಾರು ಇರುತ್ತಾರೆ, ಯಾರು ಬಿಡುತ್ತಾರೆ ಅಂತ ಬಾಯಿಂದ ಕೇಳಲಿಲ್ಲ. ಚೀಟಿ ಬರೆಸಿದೆವು. ಎದುರಿಗೆ ಕೇಳಿದರೆ ಒಬ್ಬರ ಮುಖ ನೋಡಿ ಇನ್ನೊಬ್ಬರು ಹೂಂ ಅನ್ನುತ್ತಾರೆ, ಮನೆಯಲ್ಲಿ ಅಳುತ್ತಾರೆ. 11 ಜನ ಬಿಟ್ಟರು, 16 ಜನ ಉಳಿದರು. ನೇಕಾರ ಕಾಕಾ ಬಿಟ್ಟರು. ಅವರೂ ಇನ್ನೊಬ್ಬರೂ ಕೈಗಡ ಬಡ್ಡಿಗೆ ತಂದು ಕಟ್ಟಿದ್ದರು. ಇದು ನಮಗೆ ಆಗಲೇ ಗೊತ್ತಾದದ್ದು. ಉಳಿದ 16 ಜನ ತಲೆಗೆ ಎರಡು ಸಾವಿರ ಹಾಕಿ ಅವರಿಬ್ಬರಿಗೆ 16 ಸಾವಿರದಂತೆ ಕೊಟ್ಟರು. ಕೊಡುವುದು ಸುಲಭ ಇತ್ತು, ತಗೊಳ್ಳಲು ಒಪ್ಪಿಸುವುದಕ್ಕೆ ಅಯ್ಯನವರು ಮೂರು ಸಲ ಅವರ ಮನೆಗೆ ಹೋದರು.

ಜನ ಅಲ್ಲಿ ಸಾಯುತ್ತಿರುವಾಗ ನಾವು ಯಾತ್ರೆಯ ಮಾತಾಡುವುದು ಸರಿನಾ ಅನ್ನುವ ಪ್ರಶ್ನೆಯೂ ಎದ್ದಿತು. ಅದಕ್ಕೆ ಉತ್ತರ ಅಂತ ಸಿಗಲಿಲ್ಲ. ಯಾತ್ರಾಗೀತೆ ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ. ನವೆಂಬರ್ 5ರಂದು ಕೊನೆಯದನ್ನು ಓದುವಾಗ 27 ಜನರೂ ಇದ್ದರು, ಬಿಟ್ಟ 11 ಜನರೂ. ಆ ವರ್ಷ ಬೇತ್ಲೆಹೇಮಿನಲ್ಲಿ ಕ್ರಿಸ್ಮಸ್ ದೀಪ, ಮರ ಏನೂ ಇಲ್ಲ ಅಂತ ಅಲ್ಲಿಯ ಸಭೆಗಳು ತೀರ್ಮಾನಿಸಿದವು. ನಾವೂ ಕ್ರಿಸ್ಮಸ್ ರಾತ್ರಿ ಒಂದು ಮೇಣದಬತ್ತಿ ಅವರಿಗೆ ಅಂತ ಬೇರೆ ಹಚ್ಚಿದೆವು.

ಫೆಬ್ರುವರಿ

2024ರ ಫೆಬ್ರುವರಿ 12ಕ್ಕೆ ಹೊರಟೆವು. ಇಪ್ಪತ್ತಕ್ಕಿಂತ ಕಡಿಮೆ ಆದದ್ದರಿಂದ ಏಜೆನ್ಸಿಯವರ ಕೆಲವು ರಿಯಾಯಿತಿ ಹೋಯಿತು. ಜೋಡಿಗಳನ್ನು ಮತ್ತೆ ಹೊಂದಿಸಿದೆವು. ಚಳಿಗೆ ಸ್ವೆಟರ್ ಸಾಲದು ಅಂತ ಜಾಕೆಟ್ ಕೊಂಡರು. ಆಯಿಯ ಮಗ ಕೊನೇ ಗಳಿಗೆಯವರೆಗೂ ಬೇಡ ಅಂದ. ಪಕ್ಕದ ದೇಶದಲ್ಲಿ ಯುದ್ಧ, ಈ ವಯಸ್ಸಿನಲ್ಲಿ ಯಾಕೆ ಅಂತ. ಅವನ ಮಾತು ತಪ್ಪಲ್ಲ. ನಾನು ಅವನಿಗೆ ದಾರಿಯ ನಕಾಶೆ, ವಿಮೆ ಕಾಗದ, ಭಾರತದ ರಾಯಭಾರ ಕಚೇರಿಯ ನಂಬರು ಎಲ್ಲ ಕೊಟ್ಟು, ದಿನಾ ರಾತ್ರಿ ಫೋನ್ ಮಾಡಿಸುತ್ತೇನೆ ಅಂದೆ. ಮಾಡಿಸಿದೆ ಕೂಡ.

ಸೀನಾಯಿಯನ್ನು ಏಳು ಜನ ಹತ್ತಿದರು. ಉಳಿದವರು ಕೆಳಗೆ ಸಂತ ಕ್ಯಾಥರೀನಳ ಮಠದ ಹತ್ತಿರ ಕಾದರು. ಕಪ್ಪತಗುಡ್ಡದಲ್ಲಿ ಯಾರು ಆಗುತ್ತದೆ ಅಂದಿದ್ದರೋ ಅವರೇ ಹತ್ತಿದರು, ಒಬ್ಬರೂ ಹೆಚ್ಚು ಕಡಿಮೆ ಆಗಲಿಲ್ಲ. ಜೋರ್ಡಾನಿನ ಮಾದಬಾದಲ್ಲಿ ಒಂದು ಚರ್ಚಿನ ನೆಲದ ಮೇಲೆ 6ನೇ ಶತಮಾನದ ನಕಾಶೆ ಇದೆ, ಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡಿದ್ದು, ನಡುವೆ ಯೆರೂಸಲೇಮ್. ಯೇಸುವಿನ ದೀಕ್ಷಾಸ್ನಾನ ಆದ ಜಾಗ ಅನ್ನುವ ಅಲ್ ಮಗ್ತಸ್‌ನಲ್ಲಿ ಯೊರ್ದನ್ ಹೊಳೆ ಕೆಲವೇ ಮೀಟರ್ ಅಗಲ, ಕೆಂಪು ಮಣ್ಣಿನ ನೀರು. ಆಚೆ ದಡ ಕಣ್ಣೆದುರೇ. ಅಲ್ಲಿಗೆ ಹೋಗುವಂತಿಲ್ಲ. ಹುಡುಗರಿಬ್ಬರು ನೀರು ಮುಟ್ಟಿ ತಮ್ಮ ಮಾತು ಹೇಳಿದರು. ಹಾವೇರಿಯ ಅಕ್ಕ ಹಾಡು ಎತ್ತಿಕೊಂಡರು.

ಅದಕ್ಕೂ ಮೊದಲು, 14ನೇ ತಾರೀಕು, ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಬೆಳಿಗ್ಗೆ ನಾವು ನೆಬೋ ಬೆಟ್ಟದ ಮೇಲಿದ್ದೆವು. ಪ್ರವಾದಿ ಮೋಶೆ ಸಾಯುವ ಮುಂಚೆ ವಾಗ್ದತ್ತ ದೇಶವನ್ನು, ಅಂದರೆ ದೇವರು ಕೊಡುತ್ತೇನೆ ಅಂದ ದೇಶವನ್ನು, ದೂರದಿಂದ ನೋಡಿದ ಬೆಟ್ಟ ಅದು. ಅಯ್ಯನವರು ಧರ್ಮೋಪದೇಶಕಾಂಡದ 34ನೇ ಅಧ್ಯಾಯ ಓದಿದರು. ಕೆಳಗೆ ಯೊರ್ದನ್ ಕಣಿವೆ, ಎಡಕ್ಕೆ ಮೃತ ಸಮುದ್ರ, ಅದರಾಚೆ ಮಂಜು ಮುಸುಕಿದ ಗುಡ್ಡಗಳು. ಅಂಚಿನಲ್ಲಿ ಒಂದು ಹಲಗೆ ಇದೆ. ಯಾವ ಊರು ಯಾವ ದಿಕ್ಕಿಗೆ, ಎಷ್ಟು ದೂರ ಅಂತ ಗೆರೆ ಎಳೆದು ಬರೆದಿದೆ. ಯೆರೂಸಲೇಮ್ 46 ಕಿಲೋಮೀಟರ್.

ಆಯಿ ಚೀಲದಿಂದ ಸತ್ಯವೇದ ತೆಗೆದು ಹಿಂದಿನ ಪುಟ ಬಿಚ್ಚಿದರು. ಗಾಳಿಗೆ ಪುಟ ಪಟಪಟ ಅನ್ನುತ್ತಿತ್ತು, ನಾನು ಒಂದು ಕಡೆ ಹಿಡಿದುಕೊಂಡೆ. ಅಕ್ಷರ ಅಳಿಸಿದ ಆ ಜಾಗ ನೋಡಿ, ಹಲಗೆ ನೋಡಿ, ಮತ್ತೆ ಎದುರಿನ ಗುಡ್ಡ ನೋಡಿದರು.

"ನಲವತ್ತಾರು ಅಂದ್ರ ಎಷ್ಟಾತ್ರಿ ಅಕ್ಕಾರ?"

"ಗದಗಿನಿಂದ ಹುಬ್ಬಳ್ಳಿ ಇದಕ್ಕಿಂತ ದೂರ ಐತ್ರಿ ಆಯಿ" ಅಂದೆ.

ಅವರು ಹಲಗೆಯ ಗೆರೆಯ ಮೇಲೆ ಬೆರಳಿಟ್ಟರು. ಆ ಬೆರಳು ತೋರಿದ ಕಡೆಗೇ ನೋಡುತ್ತ ನಿಂತರು. ಗೈಡ್ ಬಸ್ಸಿಗೆ ಕರೆದ. ಎಲ್ಲರೂ ಹತ್ತಿ ಕೂತರು. ಹದಿನಾಲ್ಕು ತಲೆ ಎಣಿಸಿ ಕೊಟ್ಟದ್ದು ಅಯ್ಯನವರು. ಇನ್ನಿಬ್ಬರು ನಾವು. ಸ್ವಲ್ಪ ಹೊತ್ತು ಇರಲಿ ಅಂತ ಕೈ ಮಾಡಿದೆ.